ಅರಿವಳಿಕೆಗೆ ಮುಂಚೆ ಚೇಳಿನ ವಿಚಾರಣೆ

ಬಸವನ ಬಾಗೇವಾಡಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪೇಟೆಯ ಹಿಂದಿನ ಸಣ್ಣ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಸಗೀರಾ ಅತ್ತಾರ ಆಕ್ಸಿಜನ್ ಸಿಲಿಂಡರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ನಳಿಕೆಯ ಜೋಡಣೆಗೆ ಕಿವಿ ಹಚ್ಚಿ ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ಆಲಿಸುತ್ತಾರೆ. ಮಾಸ್ಕನ್ನು ತಮ್ಮದೇ ಮುಖಕ್ಕಿಟ್ಟು ಒಂದು ಉಸಿರು ಎಳೆದು ನೋಡುತ್ತಾರೆ. ಗಂಟಲೊಳಗೆ ಇಣುಕುವ ಪುಟ್ಟ ದೀಪವನ್ನು ಹೊತ್ತಿಸಿ, ಆರಿಸಿ, ಮತ್ತೆ ಹೊತ್ತಿಸುತ್ತಾರೆ. ನಿನ್ನೆ ಸಂಜೆಯೂ ಇದೆಲ್ಲ ಸರಿಯಾಗಿಯೇ ಇತ್ತು. ಆದರೆ ನಿನ್ನೆಯ ಭರವಸೆಯ ಮೇಲೆ ಇವತ್ತಿನ ಕೆಲಸ ಮಾಡುವ ಜಾಯಮಾನ ಅವರದಲ್ಲ.

ಸಗೀರಾ ಅರಿವಳಿಕೆ ವಿಭಾಗದ ಟೆಕ್ನಿಷಿಯನ್. ಅರಿವಳಿಕೆ ತಜ್ಞೆ ಡಾ. ವಿದ್ಯಾವತಿ ವಾರವಿಡೀ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಊರೂರು ತಿರುಗುತ್ತಾರೆ. ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಕಾರಿನಲ್ಲಿ ಸಗೀರಾ ಕೂತಿರಲೇಬೇಕು. ದಿನಕ್ಕೆ ಐದಾರು ಆಪರೇಷನ್. ಮಧ್ಯಾಹ್ನದ ರೊಟ್ಟಿ ಸಂಜೆಗೆ ಬಾಯಿಗೆ ಬಿದ್ದರೆ ಅದೇ ದೊಡ್ಡದು. ಗುಣವಾದವರು ಪೇಢೆ ತಂದರೆ ಅದು ನೇರ ಸರ್ಜನ್ ಸಾಹೇಬರ ಮೇಜಿಗೆ ಹೋಗುತ್ತದೆ. ಆಪರೇಷನ್ ಹೊತ್ತಿನಲ್ಲಿ ಸಗೀರಾರ ಕೈಯನ್ನು ಗಟ್ಟಿಯಾಗಿ ಹಿಡಿದು ಮಲಗಿದ್ದ ಹೆಂಗಸೊಬ್ಬಳು ಮುಂದಿನ ತಿಂಗಳು ಸಂತೆಯಲ್ಲಿ ಅವರಿಗೇ ಬದನೆಕಾಯಿ ಮಾರಿದಳು. ಗುರುತು ಹಿಡಿಯುವುದಿರಲಿ, ಚೌಕಾಸಿಗೂ ಬಗ್ಗಲಿಲ್ಲ.

ಇವತ್ತಿನ ಮೊದಲ ರೋಗಿ ಗೊಳಸಂಗಿಯ ಬಾಳಮ್ಮ. ಜಾಲಿಮುಳ್ಳು ನೆಟ್ಟು ಪಾದದ ತುಂಬ ಕೀವು, ಬಾವು ಕಣಕಾಲಿಗೆ ಏರಿದೆ. ಈಗಲೇ ಕೊಯ್ದು ತೊಳೆಯದಿದ್ದರೆ ಪಾದವೇ ಹೋಗಬಹುದು ಎಂದು ಸರ್ಜನ್ ಹೇಳಿದ್ದಾರೆ. ಆದರೆ ಒಲೆಯ ಹೊಗೆ ಕುಡಿದ ಆಕೆಯ ಎದೆ ಉಸಿರಿಗೊಮ್ಮೆ ಸೀಟಿ ಹೊಡೆಯುತ್ತಿದೆ. ಪೂರ್ತಿ ನಿದ್ದೆ ಬರಿಸಿ ಗಂಟಲಿಗೆ ಕೊಳವೆ ಇಳಿಸುವುದು ಅಪಾಯ. ಬೆನ್ನಿಗೊಂದು ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದೇ ಕ್ಷೇಮ ಎಂಬುದು ಎಲ್ಲರ ಲೆಕ್ಕ.

ಬಿಪಿ, ಶುಗರ್, ಅಲರ್ಜಿ ಎಂದು ನರ್ಸ್ ಕೇಳಿದ್ದಕ್ಕೆಲ್ಲ ಬಾಳಮ್ಮ ಇಲ್ಲ ಎಂದಿದ್ದಾರೆ. ಸಗೀರಾ ಕೇಳುವ ರೀತಿಯೇ ಬೇರೆ. ಅವರು ರೋಗ ಕೇಳುವುದಿಲ್ಲ, ಕೆಲಸ ಕೇಳುತ್ತಾರೆ.

"ಆಯಿ, ಮನ್ಯಾಗ ಸಗಣಿ ಕುಳ್ಳ ಯಾರು ತಟ್ಟತಾರ್ರಿ?"

"ನಾನ ತಟ್ಟತೇನಿ. ಸೊಸಿಗೆ ಎಲ್ಲಿ ಬರಬೇಕವ್ವ."

"ಬಣವಿಯಿಂದ ದನಕ್ಕ ಜ್ವಾಳದ ಕಣಿಕಿ ಹಿರಿಯೋರು?"

"ಅದೂ ನಾನ."

"ಕುಳ್ಳಿನ ಸಂದ್ಯಾಗ, ಬಣವ್ಯಾಗ ಚೇಳ ಇರೂವ. ಹಂಗಾರ ಕಡದಿರಬೇಕಲ್ರಿ?"

ಬಾಳಮ್ಮನ ಮುಖ ಗಂಟಾಗುತ್ತದೆ. ಬಾಗಿಲಲ್ಲಿ ನಿಂತ ಮಗ ಸಿದ್ಧರಾಮ ನಗುತ್ತಾನೆ. "ನಮ್ಮವ್ವ ಊರಿಗೆಲ್ಲ ಚೇಳಿನ ಮಂತ್ರ ಹಾಕ್ತಾಳ್ರಿ. ಆಕಿಗೆ ಚೇಳ ಎಲ್ಲಿ ಕಡೀತೈತಿ?"

ಚೇಳಿನ ಈ ವಿಚಾರಣೆ ಶುರುವಾದದ್ದು ಮುದ್ದೇಬಿಹಾಳದ ಕಡೆಯ ರಾವಸಾಬ ಎಂಬ ಕಲ್ಲುಗಣಿಯ ಕೂಲಿಯಿಂದ. ಹರ್ನಿಯಾ ಆಪರೇಷನ್ನಿಗೆ ಬಂದ ಆತನ ಬೆನ್ನಿಗೆ ಎರಡು ಸಲ ಔಷಧ ಹಾಕಿದರೂ ಕಾಲು ಮರಗಟ್ಟಲಿಲ್ಲ. ಕತ್ತಿ ಹಚ್ಚುವ ಮುಂಚೆ ಪರೀಕ್ಷಿಸಿದ ವಿದ್ಯಾವತಿ ಅಲ್ಲಿಗೇ ನಿಲ್ಲಿಸಿ ನಿದ್ದೆಯ ಔಷಧ ಕೊಟ್ಟರು. ಎಚ್ಚರವಾದ ಮೇಲೆ ಆತ, ಕಲ್ಲಿನ ಸಂದಿಯ ಚೇಳುಗಳು ಕಡಿದೂ ಕಡಿದೂ ತನಗೀಗ ಅವುಗಳ ಉರಿಯೇ ಹತ್ತುವುದಿಲ್ಲ ಎಂದು ಹೆಮ್ಮೆ ಕೊಚ್ಚಿಕೊಂಡ. ವಿದ್ಯಾವತಿ ಹುಡುಕಿ ಓದಿದಾಗ, ಹೀಗೆ ಚೇಳು ಕಡಿದೂ ಕಡಿದೂ ಮರಗಟ್ಟಿಸುವ ಔಷಧ ಹತ್ತದಂತಾದ ರೋಗಿಗಳ ಬಗ್ಗೆ ಬೇರೆ ವೈದ್ಯರೂ ಬರೆದದ್ದು ಸಿಕ್ಕಿತು. ಅಂದಿನಿಂದ ಸಗೀರಾರ ಬಾಯಲ್ಲಿ ಈ ಪ್ರಶ್ನೆ ತಪ್ಪಿಲ್ಲ.

ಕಾರಿನ ದಾರಿಯಲ್ಲಿ ಮೇಡಮ್ ಕಲಿಸಿದ್ದನ್ನು ಸಗೀರಾ ಕೇಳಿದವರಿಗೆ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ನರದ ಮೈತುಂಬ ಸಣ್ಣ ಸಣ್ಣ ಬಾಗಲಾ ಅದಾವ್ರಿ. ಬಾಗಲಾ ತೆರದು ಸೋಡಿಯಂ ಒಳಗ ಹೊಕ್ಕರ ನೋವಿನ ಸುದ್ದಿ ಮುಂದಕ್ಕ ಓಡತೈತಿ. ಬೆನ್ನಿನ ಔಷಧ ಆ ಬಾಗಲದಾಗ ಅಡ್ಡ ಕುಂದರತೈತಿ. ಚೇಳಿನ ವಿಷಾನೂ ಅದ ಬಾಗಲಕ್ಕ ಹೋಗಿ ಅದನ್ನ ಮುಚ್ಚಗೊಡೂದಿಲ್ಲ. ಮ್ಯಾಲಿಂದ ಮ್ಯಾಲೆ ಕಡದ್ರ ಬಾಗಲಾನ ಬದಲ ಆಗತಾವೋ ಏನೋ." ಇದು ಇನ್ನೂ ಊಹೆ, ಖಾತ್ರಿಯಾಗಿಲ್ಲ ಎಂದು ವಿದ್ಯಾವತಿ ಎಚ್ಚರಿಸುತ್ತಾರೆ. ಆದರೂ ಒಂದು ಪ್ರಶ್ನೆ ಕೇಳಲು ಏನು ಖರ್ಚು ಎಂಬುದು ಇಬ್ಬರ ವಾದ.

ಕೇಳಿದರೂ ಬಾಳಮ್ಮ ಬಾಯಿ ಬಿಡುತ್ತಿಲ್ಲ. ಸಗೀರಾ ಮಗನನ್ನು ಹೊರಗೆ ಕಳಿಸಿ ಬಾಗಿಲು ಎಳೆಯುತ್ತಾರೆ. ತಾಳಿಕೋಟೆ ಪೇಟೆಯಲ್ಲಿ ಅತ್ತರು ಮಾರುತ್ತಿದ್ದ ನಬಿಲಾಲರ ಮಗಳು ಅವರು. ಹುಡುಗಿಯಾಗಿದ್ದಾಗ ಸೌದೆ ಎತ್ತಲು ಹೋಗಿ ಕಡಿಸಿಕೊಂಡ ಹೆಬ್ಬೆರಳನ್ನು ಮುಂದೆ ಚಾಚುತ್ತಾರೆ. "ನನಗ ಇಲ್ಲಿ ಕಡದಿತ್ರಿ, ಆಯಿ. ಒಂದ ದಿನ ಅತ್ತೇನಿ."

ಆಗ ಮುದುಕಿ ಮೆಲ್ಲಗೆ ಒಳಗುಟ್ಟು ಹೇಳುತ್ತಾರೆ. ಮಂತ್ರ ಹಾಕುವವರು ತಮಗೆ ಕಡಿದದ್ದನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಮಂತ್ರ ಕೈಬಿಟ್ಟು ಹೋಗುತ್ತದೆ. ಇದು ಅವರ ಅತ್ತೆ ಹಾಕಿಕೊಟ್ಟ ಕಟ್ಟಳೆ.

"ಬಾಯಿಲೆ ಹೇಳಬ್ಯಾಡ್ರಿ," ಎನ್ನುತ್ತಾರೆ ಸಗೀರಾ. "ಕಡದ ಜಾಗಾ ಅಷ್ಟ ಮುಟ್ಟಿ ತೋರಸ್ರಿ."

ಬಾಳಮ್ಮ ಕಿರುಬೆರಳು ಮುಟ್ಟುತ್ತಾರೆ. ಮಣಿಕಟ್ಟು ಮುಟ್ಟುತ್ತಾರೆ. ಮೊಣಕೈ, ಹಿಮ್ಮಡಿ, ಮತ್ತೆ ಅದೇ ಕಿರುಬೆರಳು, ಆಮೇಲೆ ಇನ್ನೊಂದು ಕೈ. ಮುಟ್ಟುವುದು ನಿಲ್ಲುವುದೇ ಇಲ್ಲ. ಸಗೀರಾ ಮೇಡಮ್ಮರ ಬಳಿಗೆ ಓಡುತ್ತಾರೆ.

ವಿದ್ಯಾವತಿ ಬಾಳಮ್ಮನ ಮುಂಗೈಯ ಚರ್ಮದಡಿ ಮರಗಟ್ಟಿಸುವ ಔಷಧವನ್ನು ತುಸುವೇ ಹಾಕಿ, ಕಾದು, ಸೂಜಿ ಚುಚ್ಚಿ ನೋಡುತ್ತಾರೆ. "ಚುಚ್ಚಾಕತ್ತೈತಲ್ಲ," ಎಂದು ಮುದುಕಿ ಕೈ ಎಳೆದುಕೊಳ್ಳುತ್ತಾರೆ. ಬೆನ್ನಿನ ಇಂಜೆಕ್ಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಅದನ್ನೇ ನಂಬಿ ಕೂತಿದ್ದರೆ ಹೊತ್ತು ಹೋಗಿ, ನಡುವೆಯೇ ಗಡಿಬಿಡಿಯಲ್ಲಿ ಕೊಳವೆ ಇಳಿಸಬೇಕಾಗುತ್ತಿತ್ತು.

ಸೋಡಿಯಂ ಬಾಗಿಲು ಕೈಕೊಟ್ಟರೆ ನೋವನ್ನು ತಡೆಯಲು ಬೇರೆ ಬಾಗಿಲುಗಳಿವೆ. ನಿದ್ದೆಯ ಔಷಧಗಳಲ್ಲಿ ಹೆಚ್ಚಿನವು ಮಿದುಳಿನ ಗಾಬಾ ಗ್ರಾಹಕವನ್ನು, ಅಂದರೆ ಜೀವಕೋಶದ ಮೇಲೆ ಔಷಧ ಬಂದು ಕೂರುವ ತಾಣವೊಂದನ್ನು, ಹಿಡಿಯುತ್ತವೆ. ಅದು ಮಿದುಳಿನ ಬ್ರೇಕು; ಒತ್ತಿದರೆ ಜೀವಕೋಶದೊಳಗೆ ಕ್ಲೋರೈಡ್ ಹರಿದು ಅದರ ಸದ್ದು ಅಡಗುತ್ತದೆ, ಜೊತೆಗೆ ಉಸಿರೂ ತಗ್ಗುತ್ತದೆ. ಕೆಟಮಿನ್ ಎಂಬ ಔಷಧ ಹಿಡಿಯುವುದು ಎನ್‌ಎಂಡಿಎ ಎಂಬ ಇನ್ನೊಂದು ಗ್ರಾಹಕವನ್ನು. ಅದರ ನಾಲೆಯೊಳಗೆ ಬಿರಡೆಯಂತೆ ಸಿಕ್ಕಿಕೊಂಡು ನೋವಿನ ಸುದ್ದಿ ಮಿದುಳಿಗೆ ಅರ್ಥವಾಗದಂತೆ ಮಾಡುತ್ತದೆ. ಉಸಿರನ್ನು ಅಷ್ಟಾಗಿ ತಗ್ಗಿಸದೆ, ಸೀಟಿ ಹೊಡೆಯುವ ಎದೆಯನ್ನು ತುಸು ಸಡಿಲವೂ ಮಾಡುತ್ತದೆ. ಬಾಳಮ್ಮನಿಗೆ ಬೇಕಾದದ್ದು ಅದೇ.

ಕೆಟಮಿನ್ ಹಾಕಿಸಿಕೊಂಡವರು ಕಣ್ಣು ತೆರೆದುಕೊಂಡೇ ಎಲ್ಲಿಗೋ ಹೋಗಿಬಿಡುತ್ತಾರೆ, ಕೆಲವರು ಕೆಟ್ಟ ಕನಸು ಕಂಡು ಬೆಚ್ಚುತ್ತಾರೆ. ಅದಕ್ಕೇ ವಿದ್ಯಾವತಿ ಔಷಧ ಏರಿಸುವಾಗ ಸಗೀರಾ ಬಾಳಮ್ಮನ ಕಿವಿಯ ಹತ್ತಿರ ಬಾಗಿ ಮಾತಿಗೆಳೆಯುತ್ತಾರೆ. "ಹೊಲದಾಗ ಏನ ಬಿತ್ತೀರಿ, ಆಯಿ?" ಬಿಳಿಜೋಳ, ಸಾಲಿಗೊಂದಿಷ್ಟು ಕುಸುಬಿ, ಎನ್ನುತ್ತಲೇ ಬಾಳಮ್ಮನ ಮಾತು ತೊದಲಿ ನಿಲ್ಲುತ್ತದೆ. ಸರ್ಜನ್ ಪಾದ ಕೊಯ್ದು ತೊಳೆಯುವಷ್ಟು ಹೊತ್ತೂ ಸಗೀರಾ ಗದ್ದ ಎತ್ತಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಉಸಿರು ಕಾಯುತ್ತಾರೆ. ಒಂದು ಸಲವೂ ಆಕ್ಸಿಜನ್ ಕೆಳಗಿಳಿಯುವುದಿಲ್ಲ. ಎಲ್ಲ ಮುಗಿದು, ನೀಲಿಗಟ್ಟಿದ್ದ ಕಾಲ್ಬೆರಳುಗಳಿಗೆ ರಕ್ತ ತಿರುಗಿ ಕೆಂಪು ಮೂಡಿದಾಗ ಸರ್ಜನ್ "ಪಾದ ಉಳೀತು" ಎನ್ನುತ್ತಾರೆ. ಸಗೀರಾರಿಗೆ ಮಾಸ್ಕಿನೊಳಗೇ ನಗು ತಡೆಯುವುದಿಲ್ಲ.

ಗಾಯ ಮಾಯ್ದ ಮೇಲೆ ಬಾಳಮ್ಮ ಒಂದು ದಿನ ಬಸ್ಸಿಳಿದು, ಮಗನ ತೋಳನ್ನೂ ಹಿಡಿಯದೆ ಆಸ್ಪತ್ರೆಗೆ ಬರುತ್ತಾರೆ. ಸರ್ಜನ್ ಕೋಣೆ ದಾಟಿ ನೇರ ಆಪರೇಷನ್ ಕೋಣೆಯ ಮುಂದೆ ನಿಂತು, "ಅತ್ತಾರರ ಸಗೀರಾ ಎಲ್ಲದಾಳ?" ಎಂದು ಕೇಳುತ್ತಾರೆ. ಅಲ್ಲಿ ಕಾದು ಕೂತವರೆದುರೇ, ತನಗೆ ಚೇಳು ಕಡಿದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ. "ಮಂತ್ರ ಹೋದ್ರ ಹೋಗಲಿ. ಕಾಲ ಐತಲ್ಲ. ನೀವೂ ಮುಚ್ಚಿಡಬ್ಯಾಡ್ರಿ."

ಮಂತ್ರ ಹೋದ ಸುದ್ದಿಯೇನೂ ಇಲ್ಲ. ಗೊಳಸಂಗಿಯವರು ಈಗಲೂ ಬಾಳಮ್ಮನ ಬಾಗಿಲಿಗೆ ಬರುತ್ತಾರಂತೆ. ಆಕೆ ಮಾತ್ರ ಮಂತ್ರ ಹಾಕಿದ ಕೂಡಲೇ ಆಸ್ಪತ್ರೆಗೆ ನಡೆಯಿರಿ ಎಂದು ಎಬ್ಬಿಸುತ್ತಾರೆ, ಸಗೀರಾರ ಹೆಸರು ಹೇಳಿ ಕಳಿಸುತ್ತಾರೆ. ಹೆಸರು ಅಷ್ಟು ದೂರ ಮುಟ್ಟಿದ್ದು ಹೇಗನ್ನಿಸುತ್ತದೆ ಎಂದು ಕೇಳಿದರೆ ಸಗೀರಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಹೆಸರು ನಾ ಎಲ್ಲಿ ಕಳಿಸೇನ್ರಿ? ಆಕೀನ ಒಯ್ದಾಳ. ತನ್ನ ಕಾಲಿಲೆ ನಡಕೊಂತ ಒಯ್ದಾಳ."