ಅತ್ತೆ ಮುಂದೆ ನಿಂತು ಮಾರಿಸಿದ ಮನೆ

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಬಚ್ಚಲೆಂದರೆ ನೆಂಟರ ಮನೆಯಿದ್ದ ಹಾಗೆ; ಹಿತ್ತಿಲ ಬಾಗಿಲು ತೆಗೆದು, ಕಲ್ಲಿನ ಮೆಟ್ಟಿಲಿಳಿದು, ಅಂಗಳ ದಾಟಿ ಹೋಗಿಬರಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದೂ ಒಂದು ಸೊಗಸೇ. ಎಳೆಬಿಸಿಲು, ದಾಸವಾಳದ ಗಿಡ, ಪಕ್ಕದ ನಸೀಮಾಳ ಮನೆಯಲ್ಲಿ ಮರದ ಗೊಂಬೆಗಳಿಗೆ ಬಣ್ಣದ ಅರಗು ಹಚ್ಚುವಾಗ ಏಳುವ ಬಿಸಿ ವಾಸನೆ. ಹರೆಯದ ಕಣ್ಣಿಗೆ ಮೆಟ್ಟಿಲು ಕಾಣಿಸುವುದಿಲ್ಲ ಗೆಳೆಯರೇ. ವಯಸ್ಸಾದಾಗ ಅದು ಮೊದಲು ಕಾಣಿಸುವುದು ಮೊಣಕಾಲಿಗೆ.

ನನ್ನವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ನಾನು ರಾಮನಗರದ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವವಳು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮರಳುವುದು. ಒಂದು ಮಧ್ಯಾಹ್ನ ನಸೀಮಾಳ ಫೋನು ಬಂತು.

“ಟೀಚರಮ್ಮಾ, ಅಜ್ಜಿ ಮೆಟ್ಲತ್ರ ಬಿದ್ದೋಗವ್ರೆ. ಗಾಬ್ರಿ ಮಾಡ್ಕೋಬೇಡಿ, ನಾವಿದೀವಿ.”

ನಮ್ಮ ಓಣಿಯೊಳಗೆ ಆಟೋ ಬರುವುದಿಲ್ಲ. ನಸೀಮಾ ಮತ್ತು ಅವಳ ಗಂಡ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ದೊಡ್ಡ ರಸ್ತೆಯವರೆಗೂ ಹೊತ್ತೊಯ್ದರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಣಿಕಟ್ಟಿಗೆ ಪಟ್ಟಿ ಬಿಗಿದಿದ್ದರು. ಪುಣ್ಯಕ್ಕೆ ಸೊಂಟ ಉಳಿದಿತ್ತು. ಅತ್ತೆಯ ಪಕ್ಕದಲ್ಲಿ ಕುಳಿತಿದ್ದಾಗಲೇ ನನ್ನೊಳಗೆ ತೀರ್ಮಾನವಾಗಿಹೋಯಿತು: ಈ ಮನೆ ಮಾರಬೇಕು, ಶಾಲೆಯ ಹತ್ತಿರವೇ, ಒಳಗೇ ಬಚ್ಚಲಿರುವ, ಬಾಗಿಲವರೆಗೆ ಗಾಡಿ ಬರುವ ಮನೆಯೊಂದನ್ನು ಕೊಳ್ಳಬೇಕು.

ತೀರ್ಮಾನ ಸುಲಭ, ಅದನ್ನು ಅತ್ತೆಗೆ ಹೇಳುವುದು ಹೇಗೆ? ಮಾವನವರು ಕಟ್ಟಿಸಿದ ಮನೆ ಅದು. ನನಗೂ ಅದು ಸುಲಭವಿರಲಿಲ್ಲ. ಕಿಟಕಿಯ ಬೆಳಕಿಗೆ ಮುಖವೊಡ್ಡಿ ನನ್ನವರು ಗಡ್ಡ ಹೆರೆದುಕೊಳ್ಳುತ್ತಿದ್ದ ಮೂಲೆಯನ್ನು ಬೇರೆಯವರ ಕೈಗೆ ಒಪ್ಪಿಸುವುದೆಂದರೆ, ಅವರನ್ನು ಇನ್ನೊಮ್ಮೆ ಕಳುಹಿಸಿಕೊಟ್ಟ ಹಾಗೆ. ‘ಮನೆಮಾರು’ ಎಂಬ ನಮ್ಮ ಜೋಡುನುಡಿಯನ್ನು ಮಕ್ಕಳಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದೆ. ಮನೆಯ ಬೆನ್ನಿಗೇ ‘ಮಾರು’ ಅಂಟಿಕೊಂಡು ನಿಂತಿರುವುದು ಆ ದಿನಗಳಲ್ಲಿ ಚುಚ್ಚಿದಷ್ಟು ಎಂದೂ ಚುಚ್ಚಿರಲಿಲ್ಲ.

ಅತ್ತೆಗೆ ಹೇಳುವ ಮೊದಲೇ, ಬೆಲೆ ಎಷ್ಟಾದೀತೆಂದು ಒಬ್ಬಿಬ್ಬರನ್ನು ವಿಚಾರಿಸಿದ್ದೆ; ಆ ಸುದ್ದಿ ಹೇಗೋ ಕನಕಪುರದಲ್ಲಿದ್ದ ಮೈದುನ ನಿಂಗರಾಜುವಿನ ಕಿವಿಗೆ ಬಿತ್ತು. ಪಾಲಾದಾಗ ಹೊಲ ಅವನಿಗೆ, ಮನೆ ಅತ್ತೆಗೆ ಮತ್ತು ನಮಗೆ ಬಂದಿತ್ತು. ಹಕ್ಕಿಲ್ಲದಿದ್ದರೂ ಮಾತಿತ್ತು. ಬಂದವನೇ ಜಗಲಿಯಲ್ಲಿ ಕುಳಿತು ಶುರುಮಾಡಿದ.

“ಈಗ ಮಾರ್ಬೇಡಿ ಅತ್ತಿಗೆ, ಒಸಿ ತಡ್ಕಳಿ. ರೋಡು ಅಗ್ಲ ಆಯ್ತದೆ ಅಂತಾವ್ರೆ, ಆಮೇಲೆ ಒಳ್ಳೆ ರೇಟು ಬತ್ತದೆ. ಅಲ್ದೆ ಅವ್ವ ಇರೋಗಂಟ ಈ ಮನೆ ಮುಟ್ಬಾರ್ದು. ಜನ ಏನಂದಾರು?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಹೊರಬಂದರು.

“ನಾನ್ ಸತ್ಮೇಲೆ ಮಾರುದ್ರೆ, ಅತ್ತೆ ಸಾಯೋದ್ನೇ ಕಾಯ್ತಿದ್ಲು ಅಂತ ಇವ್ಳ್ನ ಆಡ್ಕತಾರೆ. ನಾನಿರೋವಾಗ್ಲೇ ಮಾರುದ್ರೆ ಯಾವನ್ ಬಾಯ್ ತೆಗೀತಾನೋ ನೋಡ್ತೀನಿ. ನಾನೇ ಮುಂದ್ ನಿಂತು ಮಾರುಸ್ತೀನಿ ಕಣ್ಲಾ.”

“ಅಪ್ಪ ಕಟ್ಸಿದ್ ಮನೆ ಕಣವ್ವಾ!”

“ಕಟ್ಸಿದ್ದು ಇರಾಕೆ ಕಣ್ಲಾ, ಕಾಯಾಕಲ್ಲ.”

ನಾನು ಕಾಫಿಯ ನೆಪ ಮಾಡಿಕೊಂಡು ಒಳಗೆ ಹೋಗಿ, ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಡ್ಡಿಯಾಗುತ್ತಾರೆಂದು ನಾನು ಅಂಜಿದವರೇ ನನಗೆ ಆಸರೆಯಾಗಿದ್ದರು.

ಆಮೇಲೆ ಬಹಳ ಯೋಚಿಸಿದ್ದೇನೆ: ಮನೆ ಮಾರಲು ತಕ್ಕ ಕಾಲ ಯಾವುದು? ಬೆಲೆ ಬಂದಾಗ ಎನ್ನುತ್ತದೆ ಮಾರುಕಟ್ಟೆ. ಆದರೆ ಬೆಲೆ ಏರುವುದನ್ನು ಕಾಯುತ್ತ ಕುಳಿತವರ ವಯಸ್ಸೂ ಜೊತೆಯಲ್ಲೇ ಏರುತ್ತದೆಯಲ್ಲ! ಹೊಸ ಬೀದಿಯ ಹೂವಿನವಳ ಪರಿಚಯ ಮಾಡಿಕೊಳ್ಳಲು, ಹೊಸ ಕಿಟಕಿಯ ಬೆಳಕಿಗೆ ಕಣ್ಣು ಒಗ್ಗಿಸಿಕೊಳ್ಳಲು ಮೈಯಲ್ಲಿ ಕಸುವೂ ಮನಸ್ಸಿನಲ್ಲಿ ಹುರುಪೂ ಉಳಿದಿರುವಾಗಲೇ ಹೊರಡಬೇಕು. ಬೇರೆಯವರು ಹೊತ್ತು ಹೊರಡಿಸುವ ಮೊದಲು ನಡೆದು ಹೊರಡುವುದೇ ಲೇಸು.

ನಸೀಮಾಳಿಗೆ ಹೇಳುವುದು ಮಾತ್ರ ಕಷ್ಟವಾಯಿತು. ಅವಳು ಕಾಂಪೌಂಡು ಗೋಡೆಗೆ ಮೊಣಕೈಯೂರಿ ಕೇಳಿಸಿಕೊಂಡಳು.

“ಬೇಜಾರಾಯ್ತದೆ ಟೀಚರಮ್ಮಾ. ಆದ್ರೂ ಹೋಗಿ. ಇನ್ನೊಂದ್ಸಲ ಅಜ್ಜೀನ ಹಂಗೆ ಹೊತ್ಕೊಂಡೋಗೋದು ನನ್ ಕೈಲಾಗಲ್ಲ. ಅವತ್ತು ದಾರೀಲಿ ನಾನೆಷ್ಟ್ ಅತ್ಬಿಟ್ಟೆ ಅಂತ ನಿಮಗೆ ಹೇಳೇ ಇಲ್ಲ.”

ಬಿಡದಿಯ ಕಾರ್ಖಾನೆಯಲ್ಲಿ ದುಡಿಯುವ ಹೊಸ ದಂಪತಿ ಮನೆ ಕೊಂಡರು. ನೋಂದಣಿಯ ದಿನ ಅಧಿಕಾರಿ, “ಅಜ್ಜೀ, ನಿಮ್ಮ ಒಪ್ಪಿಗೆ ಇದೆಯಾ?” ಎಂದು ಕೇಳಿದರು.

“ಇಲ್ದಿದ್ರೆ ಇಷ್ಟ್ ದೂರ ಬತ್ತಿದ್ನಾ? ಎಲ್ ಒತ್ಬೇಕು ತೋರ್ಸಪ್ಪ,” ಎಂದು ಅತ್ತೆ ಹೆಬ್ಬೆರಳು ಮುಂದೆ ಚಾಚಿದರು. ಗುರುತು ಅಚ್ಚುಕಟ್ಟಾಗಿ ಬಿತ್ತು. ನನ್ನ ಸಹಿ ಮಾತ್ರ ಒಂದಿಷ್ಟು ಸೊಟ್ಟಗಾಯಿತು.

ರಾಮನಗರಕ್ಕೆ ಬಂದ ಸಂಜೆ ನಾನು ಪಾತ್ರೆಗಳ ಮೂಟೆ ಬಿಚ್ಚುತ್ತಿದ್ದೆ. ಅತ್ತೆ ಬಾಗಿಲಲ್ಲಿ ಕುಳಿತು, ಬೀದಿಯಾಚೆಯ ಬಂಡೆಬೆಟ್ಟದ ಮೇಲೆ ಇಳಿಯುತ್ತಿದ್ದ ಬಿಸಿಲು ನೋಡುತ್ತಿದ್ದರು. ಎದುರು ಮನೆಯ ಹೆಂಗಸು ಹತ್ತಿರ ಬಂದು ಮಾತಿಗೆಳೆದಳು.

“ಯಾವೂರು ಅಜ್ಜೀ ನಿಮ್ದು?”

ನನ್ನ ಕೈ ಅಲ್ಲೇ ನಿಂತಿತು. ಅತ್ತೆ ಒಂದು ಗಳಿಗೆಯೂ ತಡಮಾಡಲಿಲ್ಲ.

“ಇದೇ ಊರು ಕಣವ್ವಾ. ಈಗಿನ್ನೂ ಬಂದ್ವಿ.”