ಹಿರೇಮದ್ದು ಕುಡಿಯುವವರೇ ಬರಬೇಕು

1966ರ ಮಾಘ ಮಾಸದ ಒಂದು ಸೋಮವಾರ ಹೊಸಹೊಳಲಿನ ಅಜ್ಜಿಯೊಬ್ಬರು ನನಗೆ ಹಿರೇಮದ್ದಿನ ಬೇರು ಕೊಡಲಿಲ್ಲ. ನಾನು ಕೇಳಿದ್ದು ನನಗಲ್ಲ, ಬೆಳಗೊಳಕ್ಕೆ ಕೊಟ್ಟಿದ್ದ ನನ್ನ ಅಕ್ಕನಿಗೆ.

ಪಂಡಿತರು ಅಶ್ವಗಂಧ ಎನ್ನುವ ಗಿಡವೇ ಹಿರೇಮದ್ದು. ಬೇಲಿಯ ಬದಿಯಲ್ಲಿ, ತಿಪ್ಪೆಯ ಪಕ್ಕದಲ್ಲಿ ತಾನಾಗಿ ಬೆಳೆಯುತ್ತದೆ. ಜ್ವರ ಬಿಟ್ಟ ಮೇಲಿನ ಸುಸ್ತಿಗೆ, ನಿದ್ದೆ ಹತ್ತದವರಿಗೆ, ವಯಸ್ಸಾದವರ ಕೀಲುನೋವಿಗೆ ನಮ್ಮ ಕಡೆ ಅದರ ಬೇರಿನ ಕಷಾಯ ಕೊಡುತ್ತಿದ್ದರು. ಅಕ್ಕನಿಗೆ ಎರಡು ಸಲ ಮೂರನೇ ತಿಂಗಳಲ್ಲಿ ಬಸಿರು ಇಳಿದಿತ್ತು. ಸೊಸೆಯ ಮೈಗೆ ಶಕ್ತಿ ಬರಲಿ ಎಂದು ಅವಳ ಅತ್ತೆ ಮೊದಲ ಸಲ ಇಳಿದಾಗಲೇ ಈ ಕಷಾಯ ಶುರು ಮಾಡಿದ್ದರು. ಎರಡನೆಯ ಸಲ ಬಸಿರಾದಾಗಲೂ ಅದು ನಡೆದೇ ಇತ್ತು. ಅಂಗಡಿಯ ಬೇರಿಗೆ ಹುಳು ಬಿದ್ದಿದೆ, ಹೊಸಹೊಳಲಿನ ಆಚಾರ್ರ ಮನೆಯ ಅಜ್ಜಿ ಒಳ್ಳೆಯ ಬೇರು ಇಟ್ಟಿರುತ್ತಾರೆ ಎಂದು ಯಾರೋ ಹೇಳಿದ್ದರಿಂದ ನನ್ನನ್ನು ಕಳಿಸಿದ್ದರು. ಆಗ ನಾನು ಶ್ರೀರಂಗಪಟ್ಟಣದಲ್ಲಿದ್ದು ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ.

ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೆ.ಆರ್. ಪೇಟೆಯಲ್ಲಿ ಇಳಿದು, ಹೊಸಹೊಳಲಿಗೆ ನಡೆದು ಹೋದೆ. ಮನೆಯ ಮುಂದೆ ಕುಲುಮೆ. ಅಜ್ಜಿಯ ಮಗ ನೇಗಿಲಿನ ಕುಡ ಬಡಿಯುತ್ತಿದ್ದ.

"ಯಾರ್ ಕುಡಿಯಾದು?" ಅಜ್ಜಿ ಕೇಳಿದರು.

"ನಮ್ಮಕ್ಕ."

"ಅಂಗಾದ್ರೆ ಅವಳ್ನೇ ಕರ್ಕೊಂಡ್ ಬಾ. ಕುಡಿಯೋರ ಮಕ ನೋಡ್ದೆ ಕೊಡಾಕಿಲ್ಲ."

"ಎರಡು ಬಸ್ಸು ಅತ್ತಿ ಬಂದಿವ್ನಿ ಅಜ್ಜಿ."

"ಬಸ್ಸು ಅತ್ತಿದ್ದು ನೀನು. ಬೇರು ಇಳಿಯಾದು ಅವಳ ಒಟ್ಟೆಗೆ."

ಮಗ ಸುತ್ತಿಗೆ ನಿಲ್ಲಿಸಿ ನಕ್ಕ. "ಓಗಣ್ಣ, ಡಿ.ಸಿ. ಸಾಹೇಬ್ರು ಬಂದ್ರೂ ನಮ್ಮವ್ವ ಇಂಗೇ ಏಳಾದು."

ಗುರುವಾರ ಅಕ್ಕನನ್ನು ಕರೆದುಕೊಂಡು ಮತ್ತೆ ಹೋದೆ. ಅಜ್ಜಿ ಅವಳನ್ನು ಒಳಗೆ ಒಲೆಯ ಹತ್ತಿರ ಕೂರಿಸಿಕೊಂಡರು. ನಾನು ಪಡಸಾಲೆಯಲ್ಲಿ ಕುಳಿತೆ. ತೊಲೆಯ ಉದ್ದಕ್ಕೂ ಹಿರೇಮದ್ದಿನ ಗಿಡಗಳನ್ನು ತಲೆಕೆಳಗಾಗಿ ಕಟ್ಟಿದ್ದರು. ಬೇರಿಗೆ ಕಾಂಡ, ಒಣಗಿದ ಎಲೆ, ಕೆಂಪು ಹಣ್ಣಿನ ಸಿಪ್ಪೆ ಎಲ್ಲ ಹಾಗೆಯೇ ಇದ್ದವು. ಕಾಂಡ ಏಕೆ ಕತ್ತರಿಸಿಲ್ಲ ಎಂದು ಮಗನನ್ನು ಕೇಳಿದೆ.

"ಬರೀ ಬೇರಾದ್ರೆ ಯಾವ್ದು ಹಿರೇಮದ್ದು, ಯಾವ್ದು ಉಮ್ಮತ್ತಿ ಅಂತ ಯಾವನ್ಗೊತ್ತಾಯ್ತದೆ? ಎರಡೂ ಒಂದೇ ತಿಪ್ಪೇಲಿ ಬೆಳಿತಾವೆ. ಒಂದು ಶಕ್ತಿ, ಇನ್ನೊಂದು ವಿಷ."

ಒಳಗಿಂದ ಅಜ್ಜಿಯ ಪ್ರಶ್ನೆಗಳು ಕೇಳುತ್ತಿದ್ದವು. ಜ್ವರ ಬರ್ತದಾ, ನಿದ್ದೆ ಎಂಗೆ, ಬೇರೆ ಔಷಧಿ ತಗೋತಿದ್ಯಾ. ಆಮೇಲೆ ದನಿ ತಗ್ಗಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಹೊರಗೆ ಬಂದ ಅಜ್ಜಿ ನನಗೆ ಹೇಳಿದರು:

"ಬೇರು ಇಲ್ಲ ಕಣಪ್ಪ."

ನಾನು ತೊಲೆಯತ್ತ ನೋಡಿದೆ.

"ಇಲ್ಲ ಅಂದ್ನಲ್ಲ. ಬೆಳಗೊಳದಲ್ಲೂ ಇಂಗೇ ಏಳು. ಮುಂದಿನ ಮಾಘಕ್ಕೆ ಬರ್ಬೇಕಂತೆ ಅನ್ನು."

ಪಾಂಡವಪುರದ ಬಸ್ ನಿಲ್ದಾಣದಲ್ಲಿ ಅಕ್ಕ ವಿಷಯ ಹೇಳಿದಳು. ಅವಳು ಮುಟ್ಟಾಗಿ ಎರಡು ತಿಂಗಳಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ಹಿಂದೆ ಎರಡು ಸಲವೂ ಊರಿಗೆಲ್ಲ ಗೊತ್ತಾದ ಮೇಲೆ ಬಸಿರು ಇಳಿದಿದ್ದರಿಂದ, ಮೂರು ತಿಂಗಳು ದಾಟುವವರೆಗೆ ಬಾಯಿ ಬಿಡಬಾರದೆಂದು ಇದ್ದಳು. ಬಸುರಿಯರು ಈ ಬೇರು ಮುಟ್ಟಲೇಬಾರದು, ಗರ್ಭಕ್ಕೆ ಆಗುವುದಿಲ್ಲ ಎಂದು ಅಜ್ಜಿ ಹೇಳಿದ್ದರು. ಎರಡನೆಯ ಸಲದ ನಷ್ಟ ಅದರಿಂದಲೇ ಆಯಿತೆಂದು ಬರೆಯಲು ನನ್ನ ಬಳಿ ಆಧಾರವಿಲ್ಲ. ಅಜ್ಜಿಯೂ ಹಾಗೆ ಹೇಳಲಿಲ್ಲ.

ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಕಸುಬು. ಆ ಸಂಜೆ ಬೆಳಗೊಳದಲ್ಲಿ, ಬೇರು ಮುಗಿದಿದೆಯಂತೆ ಎಂದೆ.

"ಅಷ್ಟೇ ತಾನೆ? ಬುಡು, ಪಟ್ಣದ ಅಂಗ್ಡೀಲೇ ತಂದ್ರಾಯ್ತು," ಎಂದರು ಅಕ್ಕನ ಅತ್ತೆ.

ಭಾನುವಾರ ನಾನು ಹೋದಾಗ ಬೇರು ಆಗಲೇ ಒಲೆಯ ಮೇಲಿತ್ತು. ಅವರು ಅದನ್ನು ಮನಸ್ಸಿಟ್ಟು ಮಾಡುತ್ತಿದ್ದರು. ತರಿತರಿಯಾಗಿ ಕುಟ್ಟಿ, ಮಣ್ಣಿನ ಕುಡಿಕೆಯಲ್ಲಿ ಸಣ್ಣ ಉರಿಯಲ್ಲಿ ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಹಾಲು ಬೆಲ್ಲ ಹಾಕಿ ಲೋಟವನ್ನು ಸೊಸೆಯ ಮುಂದಿಟ್ಟರು. ಬಿಸಿ ಆರುವ ಮೊದಲು ಕುಡಿ ಎಂದರು. ಅಕ್ಕ ಲೋಟ ಮುಟ್ಟಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು.

"ಅತ್ತೆ, ನಂಗೆ ಎರಡು ತಿಂಗ್ಳಾಯ್ತು. ಬಸ್ರೀರು ಈ ಬೇರು ಮುಟ್ಬಾರ್ದು ಅಂತ ಆ ಅಜ್ಜಿ ಏಳವ್ರೆ," ಎಂದಳು.

ಅತ್ತೆ ಲೋಟ ಎತ್ತಿಕೊಂಡು ಹಿತ್ತಲಿಗೆ ಹೋಗಿ ನುಗ್ಗೆಯ ಬುಡಕ್ಕೆ ಸುರಿದು ಬಂದರು. ಅಂಗಡಿಯ ಪೊಟ್ಟಣವನ್ನೂ ಒಲೆಗೆ ಹಾಕಿದರು. ಆಮೇಲೆ ಸೊಸೆಯ ಪಕ್ಕ ಕುಳಿತರು.

"ನಂಗೆ ಏಳಾಕೂ ಎದ್ರಿಕೆ ಆಯ್ತಾ ಮಗಾ?"

"ಎರಡು ಸಲ ಎಲ್ರಿಗೂ ಏಳಿ ಆಯ್ತಲ್ಲ ಅತ್ತೆ."

"ಅಂಗಾದ್ರೆ ಈ ಸಲ ನಾನೂ ನೀನೂ ಇಬ್ರೇ." ನನ್ನತ್ತ ತಿರುಗಿದರು. "ಇವ್ನೊಬ್ಬ ಅವ್ನೆ. ಲೇ, ನಿನ್ ಪೇಪರ್‌ಗೆ ಆಕ್ಬುಟ್ಟೀಯ."

"ಆಕಾಕಿಲ್ಲ ಅತ್ತೆ."

ಮೂರನೇ ತಿಂಗಳು ಕಳೆಯಿತು. ಅತ್ತೆ ನೀರಿನ ಬಿಂದಿಗೆ ತಾವೇ ಹೊತ್ತರು. ಕೇಳಿದವರಿಗೆ, ಸೊಸೆಗೆ ಸೊಂಟ ಉಳುಕಿದೆ ಎನ್ನುತ್ತಿದ್ದರು. ಐದನೇ ತಿಂಗಳಲ್ಲಿ ಭಾವನಿಗೆ ಹೇಳಿದರು. ಗೌರಿ ಹಬ್ಬ ಕಳೆದ ಮರುವಾರ ಹೆಣ್ಣುಮಗು ಹುಟ್ಟಿತು.

ಮುಂದಿನ ಮಾಘದಲ್ಲಿ ಅತ್ತೆ ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ನನ್ನ ಜೊತೆ ಹೊಸಹೊಳಲಿಗೆ ಬಂದರು. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ತಮ್ಮ ಮಂಡಿನೋವಿಗೆ ಬೇರು ಕೇಳಿದರು. ಅಜ್ಜಿ ಅವರನ್ನೂ ಒಳಗೆ ಕರೆದು ವಿಚಾರಿಸಿ, ನಮ್ಮ ಕಣ್ಣೆದುರಿಗೇ ತೊಲೆಯಿಂದ ಗಿಡ ಬಿಚ್ಚಿ ಬೇರು ಕತ್ತರಿಸಿ ಕೊಟ್ಟರು. ಎದೆಹಾಲು ಕುಡಿಸುತ್ತಿರುವ ಸೊಸೆಗೆ ಇನ್ನೂ ಬೇಡ ಎಂದರು. ಅಂದು ಅವರು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿದೆ. ಹಣ್ಣು ಕೆಂಪಾಗಿ ಎಲೆ ಹಳದಿಯಾದ ಮೇಲೆ ಅಗೆಯಬೇಕು. ಮಣ್ಣು ಹೋಗುವಂತೆ ತೊಳೆದು, ಮುರಿದರೆ ಲಟ್ಟೆನ್ನುವಷ್ಟು ಒಣಗಿಸಬೇಕು. ಬೂಷ್ಟು ಕಂಡದ್ದನ್ನು ಬಿಸಾಡಬೇಕು. ಒಂದು ಹೊತ್ತಿಗೆ ಮೂರು ಬೆರಳಿನ ಚಿಟಿಕೆ ಸಾಕು. ಊಟವಾದ ಮೇಲೆ ಕುಡಿಯಬೇಕು, ಖಾಲಿ ಹೊಟ್ಟೆಗಲ್ಲ. ಭೇದಿಯಾದರೆ, ತೂಕಡಿಕೆ ಬಂದರೆ ಅಂದೇ ನಿಲ್ಲಿಸಬೇಕು. ಹಣ್ಣು ಬಾಯಿಗೆ ಹಾಕಬಾರದು. ಎಲೆ ಕುರುವಿನ ಮೇಲೆ ಕಟ್ಟಲು ಮಾತ್ರ.

ಹೊರಡುವಾಗ ಅತ್ತೆ ಅಜ್ಜಿಯ ಕಾಲು ಮುಟ್ಟಿದರು. "ಓದ್ವರ್ಸ ಬೇರು ಇಲ್ಲ ಅಂದ್ರಲ್ಲ, ಅದೇ ನಮ್ಗೆ ಉಪಕಾರ ಆಯ್ತು ಕಣವ್ವ."

"ಇತ್ತು ಬುಡವ್ವ," ಎಂದರು ಅಜ್ಜಿ.

ಅಜ್ಜಿ 1974ರಲ್ಲಿ ತೀರಿಕೊಂಡರು. ಅಕ್ಕನ ಮಗಳು ಈಗ ನಾಗಮಂಗಲದಲ್ಲಿದ್ದಾಳೆ. ಹೊಸಹೊಳಲಿನಿಂದ ಅತ್ತೆ ತಂದಿದ್ದ ಬೀಜದ ಪೀಳಿಗೆಯ ಗಿಡಗಳು ಅವಳ ಹಿತ್ತಲಿನಲ್ಲಿವೆ. ಕಳೆದ ಮಾಘದಲ್ಲಿ ಹೋಗಿದ್ದಾಗ, ನಿದ್ದೆ ಸರಿಯಾಗಿ ಬರುತ್ತಿಲ್ಲ, ಒಂದಿಷ್ಟು ಬೇರು ಕೊಡು ಎಂದೆ. ನಾನು ದಿನಾ ಯಾವ ಮಾತ್ರೆ ನುಂಗುತ್ತೇನೆಂದು ಕೇಳಿದಳು. ಬಿ.ಪಿ. ಮಾತ್ರೆ ಎಂದೆ.

"ಮೊದ್ಲು ಡಾಕ್ಟ್ರನ್ನ ಕೇಳ್ಕೊಂಡ್ ಬಾ ಮಾವ," ಎಂದಳು. ಬೇರು ಕೊಡಲಿಲ್ಲ.