ಕರ್ನಲನ ಸೋದರಳಿಯ

ಗೋಂದಿನ ವಾಸನೆ ನನಗೆ ಆಗುವುದಿಲ್ಲ. ಗಲ್ಫಿನ ಫರ್ವಾನಿಯಾದ ಈ ಫ್ಲ್ಯಾಟಿನಲ್ಲಿ ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಗೋಂದು. ಶುಕ್ರವಾರ ಊಟವಾದದ್ದೇ ಮಗಳ ಮಗಳು ಹಾಲ್ ತುಂಬ ದೊಡ್ಡ ಕಾಗದ ಹಾಸಿ ಕೂತಳು. ಭಾನುವಾರ ಶಾಲೆಗೆ ಒಯ್ಯಬೇಕಂತೆ: ಒಂದು ಬದಿಗೆ ನೂರೈವತ್ತು ವರ್ಷದ ಹಿಂದಿನ ಅಮೆರಿಕದ ಒಂದು ಮನೆತನದ ವಂಶಾವಳಿ, ಇನ್ನೊಂದು ಬದಿಗೆ ನಮ್ಮದು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಬಾರದು, ಮೀಸೆ ಅರ್ಥವಾಗುತ್ತದೆ. ಚಿತ್ರದಲ್ಲಿ ಎಲ್ಲ ಮೀಸೆಗಳೇ. ಅಪ್ಪ ಮದ್ದುಗುಂಡಿನ ವ್ಯಾಪಾರಿ, ಮಗ ಕರ್ನಲ್. ಅಪ್ಪ ಮಾರುವುದು, ಮಗ ಹಾರಿಸುವುದು, ಗಿರಾಕಿ ಮನೆಯೊಳಗೇ. ಕರ್ನಲ್ ಸತ್ತ ಮೇಲೆ ವ್ಯಾಪಾರವೆಲ್ಲ ಅವನ ಮಗನಿಗೆ ಹೋಯಿತೆಂದಳು ಮೊಮ್ಮಗಳು.

"ಮಗನಿಗಾ? ಅಕ್ಕನ ಮಗ ಎಲ್ಲಿ ಹೋದ?"

"ಅಕ್ಕನ ಮಗನಿಗೆ ಎಂತಕ್ಕೆ ಅಜ್ಜಿ?"

"ಮತ್ತೆ ಯಾರಿಗೆ? ಕದ್ದಿದ್ದಾನೆ ಅವ. ಹಾಗೇ ಬರೆ."

ಅಳಿಯ ಸೋಫಾದಲ್ಲಿ ಬಿದ್ದುಕೊಂಡೇ ನಕ್ಕ. "ಅತ್ತೆ, ಅಮೆರಿಕದಲ್ಲಿ ಅಳಿಯಕಟ್ಟು ಇಲ್ಲ ಮಾರಾಯ್ರೆ."

ನಿಮಗೂ ಹೇಳುತ್ತೇನೆ. ನಮ್ಮ ತುಳುವರಲ್ಲಿ ಆಗೆಲ್ಲ ಗಂಡಸಿನ ಮನೆ ಅವನ ಸ್ವಂತ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಅದೇ ಅಳಿಯಕಟ್ಟು. ನನ್ನ ಸೋದರಮಾವ ಮಿಲಿಟರಿಯಿಂದ ಬಂದು ಹಂಚಿನ ವ್ಯಾಪಾರ ಮಾಡಿದವ. ಎಮ್ಮೆಗೂ ಹಿಂದಿಯಲ್ಲೇ ಬೈಯುತ್ತಿದ್ದ. ಎಮ್ಮೆ ಕೇಳುತ್ತಿತ್ತು, ಹೆಂಡತಿ ಕೇಳುತ್ತಿರಲಿಲ್ಲ.

ಕಾಗದದಲ್ಲಿ ಮಗಳ ಗಂಡನ ಕಡೆಯವರು ಆಗಲೇ ಸಾಲಾಗಿ ಕೂತಿದ್ದರು. ನನ್ನ ಕಡೆಯವರು ಒಬ್ಬರೂ ಇಲ್ಲ. ಖಾಲಿ ಇದ್ದದ್ದು ಒಂದೇ ಚೌಕ. ಅದು ನನಗೆ ಬೇಕಿತ್ತು.

"ನನ್ನ ಮಾವನನ್ನು ಹಾಕು. ಅವನೂ ಮಿಲಿಟರಿ, ಅವನೂ ವ್ಯಾಪಾರ. ನಿನ್ನ ಕರ್ನಲನಿಗೆ ಸರಿಸಾಟಿ."

"ಓಕೆ. ಅವರ ಮನೆ ಯಾರಿಗೆ ಸಿಕ್ತು?"

"ನಮಗೆ."

"ಅವರಿಗೆ ಮಕ್ಕಳಿರ್ಲಿಲ್ವಾ?"

ಇದ್ದಳು ಒಬ್ಬಳು, ನನ್ನದೇ ಪ್ರಾಯದವಳು. ಮಾವ ಸತ್ತು ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ತಾಯಿಯ ಹಿಂದೆ ಚಾಪೆ ಹಿಡಿದು ಅಂಗಳ ಇಳಿದಳು. ಚಾಪೆ ದೊಡ್ಡದು, ಅವಳು ಸಣ್ಣವಳು. ದಾರಿಯುದ್ದಕ್ಕೂ ನೆಲಕ್ಕೆ ಉಜ್ಜುತ್ತಿತ್ತು. ನಾವು ಜಗಲಿಯಲ್ಲಿ ನಿಂತು ನೋಡಿದೆವು. ಕಟ್ಟು ಅಂದರೆ ಕಟ್ಟು. ಯಾರೂ ಅಳಲಿಲ್ಲ. ಇದನ್ನೂ ಹೇಳಿದೆ.

"ಅದು ಕದ್ದ ಹಾಗೇ ಅಲ್ವಾ ಅಜ್ಜಿ?"

ಅಳಿಯ ಎದ್ದು ಕೂತ. ನಾನು ಗೋಂದಿನ ಮುಚ್ಚಳ ಹಾಕಿದೆ.

"ಆ ಚಾಪೆ ಹಿಡಿದವರ ಹೆಸರೆಂತ?"

"ಗುಲಾಬಿ."

ಮೊಮ್ಮಗಳು ಆ ಖಾಲಿ ಚೌಕದಲ್ಲಿ ಗುಲಾಬಿ ಎಂದು ಬರೆದು ಸುತ್ತ ಗೆರೆ ಎಳೆದಳು.

"ಮತ್ತೆ ನನ್ನ ಮಾವ?"

"ಜಾಗ ಇಲ್ಲ ಅಜ್ಜಿ."

"ಇರಲಿ," ಎಂದೆ. "ಅವನಿಗೆ ಮನೆ ಇತ್ತಲ್ಲ."